ಒಪೆರಾ ಕಲಿತ ಗಂಟಲು, ಬೆಟ್ಟದ ಹಾಡು

ಒಪೆರಾದಲ್ಲಿ, ಅಂದರೆ ಹಾಡಿನಲ್ಲೇ ಕಥೆ ನಡೆಯುವ ಪಶ್ಚಿಮದ ಸಂಗೀತ ನಾಟಕದಲ್ಲಿ, ಹಾಡುವವರು ಒಂದು ಸಂಜೆ ಜಿಥರ್ (ಮೀಟಿ ನುಡಿಸುವ ತಂತಿ ವಾದ್ಯ), ಪಿಟೀಲು, ಅಕಾರ್ಡಿಯನ್ ನುಡಿಸುವ ಜನಪದ ತಂಡದ ಜೊತೆ ನಿಂತು ಆಸ್ಟ್ರಿಯಾದ ಹಳೆಯ ಹಾಡುಗಳನ್ನು ಹಾಡುತ್ತಾರೆ. ಆ ದೇಶದಲ್ಲಿ ಇಂಥ ಕಾರ್ಯಕ್ರಮ ಅಪರೂಪವೇನಲ್ಲ. ಇದರಿಂದ ಆ ಹಾಡುಗಳಿಗೆ ಒಳ್ಳೆಯದಾಗುತ್ತದೆಯೇ, ಕೆಟ್ಟದಾಗುತ್ತದೆಯೇ? ಅಲ್ಲಿ ಕೆಲವು ವರ್ಷ ಕಳೆದ ಇಬ್ಬರು ಕನ್ನಡಿಗರು ಎರಡು ಕಡೆಯಿಂದ ಬರೆದಿದ್ದಾರೆ.

ಪರ
ಬೇಲಿ ಹಾಕಿದ್ದು ಯಾರು?

1818ರ ಡಿಸೆಂಬರ್ 24. ಸಾಲ್ಜ್‌ಬರ್ಗ್ ಹತ್ತಿರದ ಓಬರ್ನ್‌ಡೋರ್ಫ್ ಊರಿನ ಚರ್ಚ್. ಪಾದ್ರಿ ಯೋಸೆಫ್ ಮೋರ್ ಗಿಟಾರ್ ಹಿಡಿದು ಹಾಡಿದರು. ಪಕ್ಕದ ಊರಿನ ಶಾಲೆ ಮೇಷ್ಟ್ರು ಫ್ರಾಂಜ್ ಕ್ಸೇವರ್ ಗ್ರೂಬರ್ ಕೆಳಗಿನ ದನಿ ಸೇರಿಸಿದರು. ಪದ ಮೋರ್ ಅವರದು, ರಾಗ ಗ್ರೂಬರ್ ಅವರದು. ಕ್ರಿಸ್ಮಸ್ ಬಂತೆಂದರೆ ಜಗತ್ತೆಲ್ಲ ಹಾಡುವ 'ಸೈಲೆಂಟ್ ನೈಟ್' ಹುಟ್ಟಿದ್ದು ಹೀಗೆ. ಟಿರೋಲ್ ಸೀಮೆಯ ಹಾಡುವ ಕುಟುಂಬಗಳು ಅದನ್ನು ಊರೂರಿಗೆ ಒಯ್ದವು. 1830ರ ದಶಕದ ಆರಂಭದಲ್ಲಿ ಡ್ರೆಸ್ಡೆನ್‌ನಲ್ಲಿ ಅದು ಅಚ್ಚಾಯಿತು. ಆ ಪುಸ್ತಿಕೆಯ ಹೆಸರು 'ನಾಲ್ಕು ಅಪ್ಪಟ ಟಿರೋಲ್ ಹಾಡುಗಳು'. ಅಂದರೆ ಅದು ಟಿರೋಲ್‌ನ ಜನಪದ ಹಾಡು ಎಂದೇ. ಕೊನೆಗೆ 1854ರಲ್ಲಿ ಗ್ರೂಬರ್ ತಾವೇ ಕೂತು, ಈ ಹಾಡು ಹುಟ್ಟಿದ್ದು ಹೀಗೆ, ಮಾಡಿದವರು ನಾವು, ಎಂದು ಬರೆದುಕೊಡಬೇಕಾಯಿತು.

ಈ ಕಥೆಯಿಂದ ಶುರು ಮಾಡಲು ಕಾರಣ ಇದೆ. 'ಒಪೆರಾದವರು ಜನಪದಕ್ಕೆ ಕೈ ಹಾಕಬಾರದು' ಎನ್ನುವವರ ಮನಸ್ಸಿನಲ್ಲಿ ಒಂದು ಬೇಲಿ ಇರುತ್ತದೆ. ಆ ಕಡೆ ಓದಿ ಕಲಿತ ಸಂಗೀತ. ಈ ಕಡೆ ತಾನಾಗಿ ಹುಟ್ಟಿದ ಹಾಡು. ವಿಯೆನ್ನಾದಲ್ಲಿ ಇದ್ದಷ್ಟು ದಿನ ನಾನು ಆ ಬೇಲಿಯನ್ನು ಹುಡುಕಿದ್ದೇನೆ. ಸಿಗಲಿಲ್ಲ. ಸಿಕ್ಕಿದ್ದೆಲ್ಲ ಅತ್ತಿಂದಿತ್ತ ಓಡಾಡಿದವರ ಹೆಜ್ಜೆ ಗುರುತು.

ಶ್ರಮ್ಮೆಲ್ ಅಣ್ಣತಮ್ಮಂದಿರನ್ನೇ ನೋಡಿ. ಜೋಹಾನ್ ಮತ್ತು ಯೋಸೆಫ್. ವಿಯೆನ್ನಾದ ಜನಪದ ಸಂಗೀತ ಎಂದರೆ ಇವತ್ತಿಗೂ ಅವರ ಹೆಸರೇ ಬರುತ್ತದೆ. ಅವರ ರೀತಿಯ ವಾದ್ಯಗಳನ್ನು ಜೋಡಿಸಿಕೊಂಡ ಯಾವ ತಂಡವನ್ನೂ ಅಲ್ಲಿ 'ಶ್ರಮ್ಮೆಲ್' ಎಂದೇ ಕರೆಯುತ್ತಾರೆ. ಅಪ್ಪ ಕಾಸ್ಪರ್ ಕ್ಲಾರಿನೆಟ್ ನುಡಿಸುತ್ತಿದ್ದರು, ಅಮ್ಮ ಹಾಡುತ್ತಿದ್ದರು. ಹೆಂಡದಂಗಡಿಗಳಲ್ಲಿ ನುಡಿಸಿ ಹೊಟ್ಟೆ ಹೊರೆದ ಮನೆತನ. ಆದರೆ ಮಕ್ಕಳಿಬ್ಬರೂ ಪಿಟೀಲು ಕಲಿತದ್ದು ವಿಯೆನ್ನಾದ ಕನ್ಸರ್ವೇಟರಿಯಲ್ಲಿ! ದೊಡ್ಡ ಆರ್ಕೆಸ್ಟ್ರಾಗಳಿಗೆ ವಾದಕರನ್ನು ತಯಾರು ಮಾಡುತ್ತಿದ್ದ ಅದೇ ಶಾಲೆ. ಅಲ್ಲಿ ಪಳಗಿದ ಬೆರಳು ಇಟ್ಟುಕೊಂಡೇ ಅವರು ಮತ್ತೆ ಹಾಯ್ರಿಗರ್‌ಗಳಿಗೆ ಹೋದರು. ಹಾಯ್ರಿಗರ್ ಅಂದರೆ ದ್ರಾಕ್ಷಿ ಬೆಳೆಯುವವರು ತಮ್ಮ ಹೊಸ ವೈನನ್ನು ತಾವೇ ಮಾರುವ ಜಾಗ. ಹೀಗೆ ಮಾರಲು ಚಕ್ರವರ್ತಿ ಎರಡನೇ ಯೋಸೆಫ್ 1784ರಲ್ಲಿ ಅನುಮತಿ ಕೊಟ್ಟಿದ್ದ. ಉದ್ದ ಬೆಂಚು, ಮರದ ನೆರಳು, ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿ. ಅಲ್ಲೇ ಸಂಗೀತ.

1878ರಲ್ಲಿ ಅವರು ಗಿಟಾರ್ ಸೇರಿಸಿಕೊಂಡು ಮೂವರ ತಂಡ ಕಟ್ಟಿದರು. ಆ ಗಿಟಾರ್ ನೋಡುವಂಥದ್ದು. ಅದಕ್ಕೆ ಎರಡು ಕುತ್ತಿಗೆ. ಒಂದರ ಮೇಲೆ ಮಾಮೂಲು ಆರು ತಂತಿ, ಇನ್ನೊಂದರ ಮೇಲೆ ಬರೀ ಮಂದ್ರದ ತಂತಿಗಳು. 1884ರಲ್ಲಿ ಗೇಯೋರ್ಗ್ ಡೆಂಜರ್ ಪುಟ್ಟದೊಂದು ಕ್ಲಾರಿನೆಟ್ ಹಿಡಿದು ಬಂದ ಮೇಲೆ ನಾಲ್ವರಾದರು. ಅದರ ನಾದ ಎಷ್ಟು ಇಂಪು ಎಂದರೆ ಜನ ಅದಕ್ಕೆ 'ಅಂಟುವಷ್ಟು ಸಿಹಿಯಾದ ಕಡ್ಡಿ' ಎಂದು ಅಡ್ಡಹೆಸರು ಇಟ್ಟಿದ್ದರು. ಗಾಡಿ ಹೊಡೆಯುವವರು, ಬಟ್ಟೆ ಒಗೆಯುವವರು, ರಾಜಕುಮಾರ ರುಡಾಲ್ಫ್, ದೊಡ್ಡ ಸಂಗೀತಕಾರರಾದ ಬ್ರಾಮ್ಸ್, ಯೋಹಾನ್ ಸ್ಟ್ರಾಸ್. ಎಲ್ಲರೂ ಅವರ ಸಂಗೀತಕ್ಕೆ ಮನಸೋತವರೇ. ಅಣ್ಣತಮ್ಮ ಇಬ್ಬರೂ 43ನೇ ವಯಸ್ಸಿಗೇ ತೀರಿಕೊಂಡರು. ಆದರೆ ಬಿಟ್ಟುಹೋದದ್ದು ಒಂದು ನಗರದ ದನಿ. ಹೇಳಿ, ಈ ದನಿ ಬೇಲಿಯ ಯಾವ ಕಡೆಯದು?

ಇನ್ನೂ ಇದ್ದಾರೆ. ಕ್ಯಾರಿಂಥಿಯಾ ಸೀಮೆಯ ಹಾಡು ಎಂದರೆ ಅನೇಕರ ನೆನಪಿಗೆ ಬರುವುದು 'ಫರ್ಲಾಸ್ಸನ್'. ಒಂಟಿಯಾಗಿ ಉಳಿದವನ ಅಳಲಿನ ಹಾಡು. ಅಜ್ಜಿಯರ ಕಾಲದ್ದು ಎಂದೇ ಎಷ್ಟೋ ಜನ ನಂಬಿದ್ದಾರೆ. ಅದನ್ನು ಬರೆದವರು ತೋಮಾಸ್ ಕೋಶಾಟ್. ವಿಯೆನ್ನಾದ ರಾಜ ಒಪೆರಾದ ಮೇಳದಲ್ಲಿ ಹಾಡುತ್ತಿದ್ದ ಗಾಯಕ! ಇನ್ನು ಆರ್ಕೆಸ್ಟ್ರಾಕ್ಕೆಂದು ದೊಡ್ಡ ದೊಡ್ಡ ಸಿಂಫನಿಗಳನ್ನು ಬರೆದ ಬ್ರುಕ್ನರ್, ಹುಡುಗನಾಗಿದ್ದಾಗ ವಿಂಡ್‌ಹಾಗ್ ಎಂಬ ಹಳ್ಳಿಯಲ್ಲಿ ಸಹಾಯಕ ಮೇಷ್ಟ್ರು. ಸಂಬಳ ಸಾಲದೆ ಹಳ್ಳಿಯ ಕುಣಿತಗಳಿಗೆ ಪಿಟೀಲು ನುಡಿಸಿದವರು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಉದಾಹರಣೆ ಡೂಡ್ಲರ್. ಯೋಡಲ್ ಗೊತ್ತಲ್ವಾ? ಕಿಶೋರ್ ಕುಮಾರ್ ಹಾಡುಗಳಲ್ಲಿ ದನಿ ಪಕ್ಕನೆ ಎದೆಯಿಂದ ನೆತ್ತಿಗೆ ಹಾರುತ್ತದಲ್ಲ, ಅದು. ಆಲ್ಪ್ಸ್ ಬೆಟ್ಟಗಳ ಯೋಡಲ್ 19ನೇ ಶತಮಾನದಲ್ಲಿ ವಿಯೆನ್ನಾಕ್ಕೆ ಇಳಿದು ಬಂತು. ಪೇಟೆಯ ಹೆಂಗಸರು ಅದನ್ನು ಹೆಂಡದಂಗಡಿಗಳಲ್ಲಿ ಹಾಡಿದರು. ಆ ಕಾಲಕ್ಕೆ ಪೇಟೆಯ ಕಿವಿಯಲ್ಲಿ ಒಪೆರಾದ ವೇಗದ ಪಲುಕುಗಳೂ ತುಂಬಿದ್ದವು. ಎರಡೂ ಬೆರೆತು ಹುಟ್ಟಿದ್ದೇ ಡೂಡ್ಲರ್. 2010ರಲ್ಲಿ ಯುನೆಸ್ಕೋದ ಆಸ್ಟ್ರಿಯಾ ಪಟ್ಟಿಗೆ ಅದು ಪರಂಪರೆಯಾಗಿ ಸೇರಿತು. ಅಂದರೆ ಈ 'ಪರಂಪರೆ'ಯ ರಕ್ತದಲ್ಲೇ ಒಪೆರಾ ಇದೆ.

ಈ ಕಲೆಯ ಕೊನೆಯ ಕೊಂಡಿಗಳಲ್ಲಿ ಒಬ್ಬರಾದ ಟ್ರೂಡೆ ಮಾಲಿ 2009ರಲ್ಲಿ ತೀರಿಕೊಂಡರು. ಅವರ ಬಳಿ ಕಲಿತು ಇಂದು ಡೂಡ್ಲರನ್ನು ಜೀವಂತ ಇಟ್ಟಿರುವವರಲ್ಲಿ ಮುಖ್ಯರು ಆಗ್ನೆಸ್ ಪಾಲ್ಮಿಸಾನೋ. ಅವರು ಶಾಸ್ತ್ರೀಯ ಗಾಯನ ಕಲಿತವರು. 'ಒಪೆರಾ ಗಂಟಲಿಗೆ ಇಲ್ಲಿ ಜಾಗ ಇಲ್ಲ' ಎಂದು ಆ ದಿನ ಬಾಗಿಲು ಹಾಕಿದ್ದರೆ ಏನಾಗುತ್ತಿತ್ತು? ಯೋಚಿಸಿದರೆ ಭಯವಾಗುತ್ತದೆ.

'ಆದರೆ ಹಳ್ಳಿಯ ಸಂಗೀತವಾದರೂ ಶುದ್ಧವಾಗಿ ಉಳಿದಿದೆ' ಎನ್ನುವವರಿದ್ದಾರೆ. ಬೆಚ್ಚನೆಯ ಕೋಣೆಯಲ್ಲಿ ಜಿಥರ್, ಹಾರ್ಪ್, ಗಿಟಾರ್, ಹಾಕ್‌ಬ್ರೆಟ್ ಕೂಡಿ ಮೆಲ್ಲಗೆ ನುಡಿಸುವ 'ಷ್ಟೂಬನ್‌ಮುಜಿಕ್' ಇದೆಯಲ್ಲ, ಅದನ್ನು ಕೇಳಿದರೆ ನೂರಾರು ವರ್ಷದ್ದು ಅನ್ನಿಸುತ್ತದೆ. ಹಾಕ್‌ಬ್ರೆಟ್ ನಮ್ಮ ಸಂತೂರಿನ ಹಾಗೆ ಕಡ್ಡಿಯಿಂದ ಬಾರಿಸುವ ವಾದ್ಯ. ಎಲ್ಲ ಸ್ವರಗಳೂ ಸಿಗುವಂತೆ ಅದನ್ನು ತಿದ್ದಿಸಿದ್ದು ಸಾಲ್ಜ್‌ಬರ್ಗ್‌ನ ಟೋಬಿ ರೈಸರ್, 1930ರ ದಶಕದಲ್ಲಿ. ಈ ವಾದ್ಯಗಳ ಜೋಡಣೆಯನ್ನು ಜನಪ್ರಿಯ ಮಾಡಿದ್ದೂ ಅವರೇ, ಎರಡನೇ ಮಹಾಯುದ್ಧ ಮುಗಿದ ಮೇಲೆ. ಅಂದರೆ ನಮ್ಮ ಅಪ್ಪಂದಿರ ವಯಸ್ಸು, ಅಷ್ಟೇ. ಹೊಸದಾಗಿ ಸೇರಿದ್ದು ಚೆನ್ನಾಗಿದ್ದರೆ ಹಳೆಯದೇ ಆಗಿಬಿಡುತ್ತದೆ. ಹಾಡುಗಳು ಬದುಕುವುದೇ ಹೀಗೆ.

ಶುದ್ಧ ಎಂಬ ಮಾತಿಗೆ ಆ ದೇಶದಲ್ಲಿ ಇನ್ನೊಂದು ಮುಖವೂ ಇದೆ. ಅದನ್ನು ಹೇಳದೆ ಇರಲಾರೆ. ಕೊನ್ರಾಡ್ ಮೌಟ್ನರ್ ಎಂಬವರು ವಿಯೆನ್ನಾದ ಶ್ರೀಮಂತ ಯಹೂದಿ ಮನೆಯ ಮಗ. ಬೇಸಗೆ ರಜೆಗೆಂದು ಸ್ಟಿರಿಯಾ ಸೀಮೆಯ ಗ್ರುಂಡಲ್‌ಸೇ ಸರೋವರದ ದಡಕ್ಕೆ ಹೋದ ಹುಡುಗ ಅಲ್ಲಿನ ಗೋಸ್ಸಲ್ ಹಳ್ಳಿಯ ಹಾಡುಗಳಿಗೆ ಮನಸೋತರು. ಅಲ್ಲಿನವರ ಜೊತೆ ಕೂತು, ಅವರಂತೆಯೇ ಉಟ್ಟು, ಒಂದೊಂದೇ ಹಾಡನ್ನು ಬರೆದುಕೊಂಡರು. 1910ರಲ್ಲಿ ಕೈಬರಹ ಮತ್ತು ಬಣ್ಣದ ಚಿತ್ರಗಳ ಒಂದು ದೊಡ್ಡ ಪುಸ್ತಕ ತಂದರು. ಆ ಹಳ್ಳಿಯ ಹಾಡುಗಳ ಬಗ್ಗೆ ಇವತ್ತು ನಮಗೆ ಇಷ್ಟು ಗೊತ್ತಿರುವುದು ಅವರಿಂದ. ಮೌಟ್ನರ್ 1924ರಲ್ಲಿ ತೀರಿಕೊಂಡರು. 1938ರಲ್ಲಿ ನಾಜಿಗಳು ಬಂದ ಮೇಲೆ, ಸಾಲ್ಜ್‌ಬರ್ಗ್‌ನಲ್ಲಿ ಯಹೂದಿಗಳು ಹಳ್ಳಿಯ ಸಾಂಪ್ರದಾಯಿಕ ಉಡುಪು ತೊಡುವಂತಿಲ್ಲ ಎಂದು ಆಜ್ಞೆಯಾಯಿತು. 'ಇದು ನಮ್ಮದು, ನಿಮ್ಮದಲ್ಲ' ಎನ್ನುವುದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಇವತ್ತು ಹಾಡಿನ ಬಾಗಿಲಲ್ಲಿ ಯಾರೋ ನಿಂತು ನೀನು ಎಲ್ಲಿಂದ ಬಂದೆ, ಎಲ್ಲಿ ಕಲಿತೆ ಎಂದು ವಿಚಾರಿಸಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ದನಿಯ ವಿಷಯಕ್ಕೆ ಬರೋಣ. ಒಪೆರಾ ದನಿ ಭಾರ, ಹಳ್ಳಿಯ ಹಾಡಿಗೆ ಹೊಂದುವುದಿಲ್ಲ ಎನ್ನುತ್ತಾರೆ. ಕೆಟ್ಟದಾಗಿ ಹಾಡಿದರೆ ಖಂಡಿತ ಹೊಂದುವುದಿಲ್ಲ. ಆದರೆ ಯೂಲಿಯಸ್ ಪಾಟ್ಸಾಕ್ ಅವರನ್ನು ಕೇಳಿ. ವಿಯೆನ್ನಾದಲ್ಲೇ ಹುಟ್ಟಿದವರು. ಬೀಥೋವನ್‌ನ ಒಪೆರಾದಲ್ಲಿ ಸೆರೆಯಾಳು ಫ್ಲೋರೆಸ್ಟಾನ್ ಪಾತ್ರಕ್ಕೆ ಹೆಸರಾದವರು. ಅದೇ ಮನುಷ್ಯ ಶ್ರಮ್ಮೆಲ್ ವಾದ್ಯಗಳ ಜೊತೆ ವೈನ್ ತೋಟದ ಹಾಡುಗಳನ್ನು ಹಾಡಿದ್ದನ್ನು ಕೇಳಿದರೆ, ಪಕ್ಕದ ಬೆಂಚಿನಲ್ಲಿ ಕೂತವರು ನಮ್ಮ ಕಿವಿಯಲ್ಲಿ ಮಾತಾಡಿದ ಹಾಗಿದೆ. ಗುಡುಗಬಲ್ಲ ಗಂಟಲು ಪಿಸುಗುಟ್ಟುವಾಗ ಒಂದು ಬೇರೆಯೇ ಸೊಗಸು ಬರುತ್ತದೆ.

ಇನ್ನೊಂದು ಕೆಲಸವನ್ನೂ ಕಲಿತವರೇ ಮಾಡಬೇಕು. 1819ರಲ್ಲಿ ಯೋಸೆಫ್ ಸೋನ್‌ಲೈಟ್ನರ್ ಅವರ ಮುಂದಾಳತ್ವದಲ್ಲಿ ಇಡೀ ಸಾಮ್ರಾಜ್ಯದ ಜನಪದ ಹಾಡು, ಕುಣಿತಗಳನ್ನು ಕೂಡಿಸುವ ಕೆಲಸ ನಡೆಯಿತು. ಹಳ್ಳಿ ಹಳ್ಳಿಯ ಮೇಷ್ಟ್ರುಗಳು, ಆರ್ಗನ್ ವಾದಕರು ಬರೆದು ಕಳಿಸಿದರು. ಆ ಹಾಳೆಗಳು ವಿಯೆನ್ನಾದ ಸಂಗೀತ ಸಂಘದ ಸಂಗ್ರಹದಲ್ಲಿವೆ. ಅದರಲ್ಲಿ ಎಷ್ಟೋ ಹಾಡು ಇವತ್ತು ಯಾವ ಬಾಯಲ್ಲೂ ಇಲ್ಲ. ಹಾಳೆ ನೋಡಿ ಹಾಡಲು ಬಲ್ಲವರು, ಹಳೆಯ ಬರಹದ ತಪ್ಪು ಒಪ್ಪು ಹಿಡಿಯಬಲ್ಲವರು ಮುಟ್ಟದಿದ್ದರೆ ಅವು ಅಲ್ಲೇ ಮಲಗಿರುತ್ತವೆ.

ಮತ್ತೆ ಈ ಕೂಟದಿಂದ ಲಾಭ ಒಂದೇ ಕಡೆಗಲ್ಲ. ಪೂರ್ವ ಟಿರೋಲ್‌ನ ಇನ್ನರ್‌ವಿಲ್‌ಗ್ರಾಟನ್ ಎಂಬ ಬೆಟ್ಟದ ಹಳ್ಳಿಯಲ್ಲಿ 1993ರಲ್ಲಿ ಫ್ರಾನೂಯಿ ಎಂಬ ತಂಡ ಹುಟ್ಟಿತು. ಅದು ಅಲ್ಲಿನ ಒಂದು ಹುಲ್ಲುಗಾವಲಿನ ಹೆಸರು. ಹಿತ್ತಾಳೆ ವಾದ್ಯ, ಹಾಕ್‌ಬ್ರೆಟ್, ಜಿಥರ್, ಹಾರ್ಪ್. ಹೆಣದ ಮೆರವಣಿಗೆಗೂ ಕುಣಿತಕ್ಕೂ ನುಡಿಸುವ ವಾದ್ಯಗಳು. ಅವರು ಶಾಸ್ತ್ರೀಯ ಸಂಗೀತಕಾರರಾದ ಶೂಬರ್ಟ್, ಮಾಹ್ಲರ್ ಹಾಡುಗಳನ್ನು ಎತ್ತಿಕೊಂಡರು. ಒಪೆರಾ ಗಾಯಕ ಫ್ಲೋರಿಯಾನ್ ಬೋಶ್ ಅವರ ಜೊತೆ ಹಾಡಿದರು. ಅದನ್ನು ಕೇಳಿದಾಗ ನನಗೆ ಮೊದಲ ಸಲ ಅರ್ಥವಾಯಿತು. ಮಾಹ್ಲರ್ ಒಳಗೆ ಯಾವಾಗಲೂ ಒಂದು ಹಳ್ಳಿಯ ಬ್ಯಾಂಡು ನುಡಿಸುತ್ತಲೇ ಇತ್ತು. ಇಷ್ಟು ದಿನ ಪಿಟೀಲುಗಳ ನಡುವೆ ನನಗೆ ಕೇಳಿಸಿರಲಿಲ್ಲ. ಹಳ್ಳಿಯವರು ಬಂದು ಕೇಳಿಸಿದರು.

ವಿರೋಧ
ಬಿರುಕನ್ನು ಮುಚ್ಚಿದ ಮೇಲೆ ಹಾಡು ಎಲ್ಲಿ?

ಪರವಾಗಿ ಬರೆದ ಗೆಳೆಯರ ಮಾತಿನಲ್ಲಿ ಇತಿಹಾಸ ಪೂರ್ತಿ ಸರಿ ಇದೆ. ಮೌಟ್ನರ್ ಬಗ್ಗೆ ಅವರು ಬರೆದಿದ್ದನ್ನು ಓದಿ ನನಗೂ ಗಂಟಲು ಕಟ್ಟಿತು. ಹುಟ್ಟು, ರಕ್ತ, ಊರು ನೋಡಿ ಯಾರನ್ನೂ ಹೊರಗಿಡಬೇಕು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮೊದಲು ಹೊರಗೆ ನಿಲ್ಲಬೇಕಾದವಳು ನಾನೇ. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಓದುವಾಗ ಅಲ್ಲಿನವರು ನನ್ನನ್ನು ತಮ್ಮ ಮೇಜಿಗೆ ಕರೆದು ಕೂರಿಸಿಕೊಂಡಿದ್ದಕ್ಕೇ ನನಗೆ ಈ ಹಾಡುಗಳು ಗೊತ್ತು.

ನನ್ನ ತಕರಾರು ಹಾಡುವವರು ಯಾರು ಅನ್ನುವುದರ ಬಗ್ಗೆ ಅಲ್ಲ. ಒಪೆರಾ ತರಬೇತಿ ಗಂಟಲಿಗೆ ಏನು ಮಾಡುತ್ತದೆ, ವೇದಿಕೆ ಹಾಡಿಗೆ ಏನು ಮಾಡುತ್ತದೆ, ಅದರ ಬಗ್ಗೆ.

ಮೊದಲು ಗಂಟಲು. ಪ್ರತಿಯೊಬ್ಬರ ದನಿಯಲ್ಲೂ ಒಂದು ಬಿರುಕು ಇರುತ್ತದೆ. ಕೆಳಗಿನ ಸ್ವರಗಳಿಂದ ಮೇಲೆ ಹತ್ತುತ್ತಾ ಹೋದರೆ ಒಂದು ಜಾಗದಲ್ಲಿ ದನಿ ಒಡೆದು ತೆಳುವಾದ ದನಿಗೆ ಜಾರುತ್ತದೆ. ಎದೆಯ ದನಿ ಮುಗಿದು ನೆತ್ತಿಯ ದನಿ ಶುರುವಾಗುವ ಜಾಗ ಅದು. ಒಪೆರಾ ಕಲಿಯುವವರು ವರ್ಷಗಟ್ಟಲೆ ಸಾಧನೆ ಮಾಡುವುದು ಈ ಬಿರುಕು ಯಾರಿಗೂ ಕೇಳಿಸದ ಹಾಗೆ ಮುಚ್ಚಲು. ಕೆಳಗಿನಿಂದ ಮೇಲಿನವರೆಗೆ ಒಂದೇ ನೂಲು ಎಳೆದ ಹಾಗೆ ಇರಬೇಕು. ಅದು ನಿಜಕ್ಕೂ ದೊಡ್ಡ ಸಾಧನೆ. ನಾನು ಅದಕ್ಕೆ ಕೈ ಮುಗಿಯುತ್ತೇನೆ.

ಆದರೆ ಯೋಡಲ್ ಇರುವುದೇ ಆ ಬಿರುಕಿನಲ್ಲಿ! ದನಿ ಪಟ್ಟನೆ ಒಡೆದಾಗ ಬರುವ ಆ ಕಿಡಿಯೇ ಹಾಡು. ಕಣಿವೆಯ ಆಚೆ ದಡದಲ್ಲಿ ದನ ಕಾಯುವವನಿಗೆ ಕೇಳಲಿ ಎಂದು ಕೂಗಿದ ಕೂಗು ಅದು. ಸ್ಟಿರಿಯಾದಲ್ಲಿ ಅದಕ್ಕೆ ವುಲ್ಲಾಜ ಎನ್ನುತ್ತಾರೆ. ಬೇರೆ ಕಣಿವೆಗಳಲ್ಲಿ ಆಲ್ಮರ್, ಲೂಡ್ಲರ್ ಎಂದು ಬೇರೆ ಹೆಸರು. ಹೆಸರಿನ ಹಾಗೆ ಒಡೆಯುವ ರೀತಿಯೂ ಬೇರೆ. ಒಂದೇ ನೂಲಿನಂತೆ ಪಳಗಿದ ದನಿ ಇದನ್ನು ಹಾಡಿದರೆ ಏನಾಗುತ್ತದೆ? ಸ್ವರಗಳೆಲ್ಲ ಸರಿಯಾಗಿ ಬರುತ್ತವೆ. ಶ್ರುತಿ ಸ್ವಲ್ಪವೂ ಅಲುಗುವುದಿಲ್ಲ. ಬಿರುಕು ಮಾತ್ರ ಇರುವುದಿಲ್ಲ. ಒಡೆದ ಕಲ್ಲಿಗೆ ಸಿಮೆಂಟು ಬಳಿದು, ನೋಡಿ ಎಷ್ಟು ನುಣುಪು ಎಂದು ತೋರಿಸಿದ ಹಾಗೆ.

ಕಂಪನದ ಮಾತೂ ಹೀಗೆಯೇ. ಒಪೆರಾ ದನಿ ಸೆಕೆಂಡಿಗೆ ಐದಾರು ಸಲ ಮೇಲೆ ಕೆಳಗೆ ತೂಗುತ್ತದೆ. ಜೊತೆಗೆ, ಪಳಗಿದ ಗಂಟಲಿನಲ್ಲಿ 3000 ಹರ್ಟ್ಸ್ ಆಸುಪಾಸು ಒಂದು ವಿಶೇಷ ಮೊನಚು ಕೂಡಿಕೊಂಡಿರುತ್ತದೆ. ಮೈಕ್ ಇಲ್ಲದೆ ಇಡೀ ಆರ್ಕೆಸ್ಟ್ರಾದ ಮೇಲೆ ತೇಲಿ ಕೊನೆಯ ಸಾಲಿಗೂ ಕೇಳಿಸುವುದು ಅದರ ಬಲದಿಂದಲೇ. ಆ ಬಲವನ್ನು ಜಿಥರ್ ಪಕ್ಕ ತಂದು ನಿಲ್ಲಿಸಿದರೆ? ಜಿಥರ್ ತೊಡೆಯ ಮೇಲೋ ಮೇಜಿನ ಮೇಲೋ ಇಟ್ಟು ಮೀಟುವ ವಾದ್ಯ. ಅದು ಕೇಳಬೇಕಾದರೆ ಕೋಣೆಯಲ್ಲಿ ಎಲ್ಲರೂ ಮಾತು ನಿಲ್ಲಿಸಬೇಕು. ನಾನು ಒಂದು ಸಭಾಂಗಣದಲ್ಲಿ ಇಂಥ ಕಾರ್ಯಕ್ರಮಕ್ಕೆ ಹೋಗಿದ್ದೆ. ಮೂರನೇ ಸಾಲಿನಲ್ಲಿ ಕೂತಿದ್ದೆ. ಜಿಥರ್ ನುಡಿಸುವವರ ಬೆರಳು ಓಡುವುದು ಕಾಣುತ್ತಿತ್ತು. ಗಾಯಕಿ ಬಾಯಿ ತೆರೆದ ಮೇಲೆ ಆ ಬೆರಳಿನ ಒಂದು ಸ್ವರವೂ ಕೇಳಲಿಲ್ಲ. ಚಪ್ಪಾಳೆ ಜೋರಾಗಿ ಬಿತ್ತು. ನಾನು ಮನೆಗೆ ಬರುವಾಗ ಆ ಬೆರಳುಗಳನ್ನೇ ನೆನೆಯುತ್ತಿದ್ದೆ.

ಗೆಳೆಯರು ಪಾಟ್ಸಾಕ್ ಹೆಸರು ಹೇಳಿದರು. ಅವರ ಹಾಡು ನನಗೂ ಪ್ರಾಣ. ಆದರೆ ಒಂದು ವಿಷಯ ಗಮನಿಸಿ. ಪಾಟ್ಸಾಕ್ ಓದಿದ್ದು ಆರ್ಕೆಸ್ಟ್ರಾ ನಡೆಸುವುದನ್ನು. ಹಾಡುವುದನ್ನು ಅವರು ತಾವಾಗಿ ಕಲಿತವರು. ಅವರ ದನಿಯಲ್ಲಿ ಮಾತಿನ ಗುಣ ಉಳಿದಿದ್ದು ಅದಕ್ಕೇ ಇರಬಹುದು. ಪಾಲ್ಮಿಸಾನೋ ಅವರ ಉದಾಹರಣೆ ಇನ್ನೂ ನನ್ನ ಕಡೆಗೇ ಬರುತ್ತದೆ. ಅವರು ಕಲಿತ ದನಿಯನ್ನು ಹಾಗೇ ತಂದು ಡೂಡ್ಲರ್ ಮೇಲೆ ಹೊದಿಸಲಿಲ್ಲ. ಟ್ರೂಡೆ ಮಾಲಿ ಎದುರು ಕೂತು ಮತ್ತೆ ಕಲಿತರು. ಮೌಟ್ನರ್ ಕೂಡ ಗೋಸ್ಸಲ್‌ನಲ್ಲಿ ಕೂತವರು, ವರ್ಷ ವರ್ಷ. ಈ ಎರಡು ಹೆಸರುಗಳ ನಡುವೆ ಇರುವ ನಂಟು ಕೂರುವುದು. ಒಂದು ಸಂಜೆಯ ಕಾರ್ಯಕ್ರಮಕ್ಕೆ ಎರಡು ದಿನ ರಿಹರ್ಸಲ್ ಮಾಡಿ ಬರುವ ಒಪೆರಾ ತಾರೆಯನ್ನು ಇವರ ಸಾಲಿಗೆ ಸೇರಿಸಬೇಡಿ.

ಭಾಷೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಕನ್ನಡದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಒಪೆರಾದವರು ಕಲಿಯುವುದು ರಂಗದ ತಿದ್ದಿದ ಜರ್ಮನ್. ಈ ಹಾಡುಗಳು ಇರುವುದು ಕಣಿವೆಯ ಮಾತಿನಲ್ಲಿ. ಅಲ್ಲಿ 'ನಾನು' ಎನ್ನಲು 'ಇಶ್' ಅಲ್ಲ, ಬರೀ 'ಇ'. 'ಆ' ಎಂಬ ಸ್ವರ 'ಓ' ಕಡೆಗೆ ವಾಲುತ್ತದೆ. ತಿದ್ದಿದ ಬಾಯಲ್ಲಿ ಆ ಹಾಡು ಕೇಳಿದರೆ, ಅಜ್ಜಿಯ ಮಾತನ್ನು ವಾರ್ತೆ ಓದುವವರು ಹೇಳಿದ ಹಾಗಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ನೋವಾಗುವ ಮಾತು. ಈ ಹಾಡುಗಳಲ್ಲಿ ಬಹುಪಾಲು ಒಬ್ಬರೇ ಹಾಡುವ ಹಾಡುಗಳಲ್ಲ! ಇಬ್ಬರೋ ಮೂವರೋ ಸೇರಬೇಕು. ಕ್ಯಾರಿಂಥಿಯಾದಲ್ಲಿ ಹಾಡು ಎತ್ತುವವರ ದನಿ ಎಲ್ಲಕ್ಕಿಂತ ಮೇಲಿರುವುದಿಲ್ಲ. ಅದರ ಮೇಲೆ ಇನ್ನೊಂದು ದನಿ ಹಾರಿ ನಿಲ್ಲುತ್ತದೆ. ಅದಕ್ಕೆ ಊಬರ್‌ಶ್ಲಾಗ್ ಎನ್ನುತ್ತಾರೆ. ಮುಂದಾಳು ನಡುವೆ, ಹಿಂಬಾಲಿಸುವವರು ಮೇಲೆ ಮತ್ತು ಕೆಳಗೆ. ಯಾರೂ ಎದ್ದು ಕಾಣಬಾರದು. ದನಿಗಳು ಒಂದಕ್ಕೊಂದು ತಾಗಿ ಕೂತಾಗ ಕೋಣೆಯಲ್ಲೇ ಏನೋ ಗುಂಯ್ ಎನ್ನುತ್ತದೆ. ಅದನ್ನು ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. ಎಷ್ಟೋ ಸಲ ವಾದ್ಯವೂ ಇರುವುದಿಲ್ಲ. ಊಟ ಮುಗಿದ ಮೇಜು, ಒಬ್ಬರು ಎತ್ತುತ್ತಾರೆ, ಎದುರಿಗಿರುವವರು ಸೇರುತ್ತಾರೆ. ಕೇಳುಗರು ಎಂಬ ಬೇರೆ ಜಾತಿಯೇ ಅಲ್ಲಿಲ್ಲ.

ವೇದಿಕೆ ಇದನ್ನು ತಲೆಕೆಳಗು ಮಾಡುತ್ತದೆ. ಹೆಸರು ಮಾಡಿದ ಗಾಯಕಿ ಮುಂದೆ, ತಂಡ ಹಿಂದೆ. ಪೋಸ್ಟರ್‌ನಲ್ಲಿ ಗಾಯಕಿಯ ಮುಖ, ಕೆಳಗೆ ಸಣ್ಣಕ್ಷರದಲ್ಲಿ ತಂಡದ ಹೆಸರು. ಮೂರು ದನಿಯ ಹಾಡು ಒಂದು ದನಿಯದಾಗುತ್ತದೆ. ಉಳಿದ ಎರಡು ದನಿಗಳನ್ನು ಪಿಟೀಲಿಗೋ ಅಕಾರ್ಡಿಯನ್‌ಗೋ ಹಂಚುತ್ತಾರೆ. ಕೇಳಲು ಚೆಂದ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕೂಡಿ ಹಾಡುವುದೇ ಹಾಡಿನ ಅರ್ಥವಾಗಿದ್ದರೆ, ಇದು ಯಾವ ಹಾಡು?

ಗ್ಷ್ಟಾನ್ಸೆಲ್ ಎಂಬುದೊಂದಿದೆ. ನಾಲ್ಕೇ ಸಾಲಿನ ಪದ. ಎದುರಿಗೆ ಕೂತವರನ್ನು ಕಿಚಾಯಿಸಲು ಅಲ್ಲೇ ಕಟ್ಟುವಂಥದ್ದು. ಒಬ್ಬರು ಹಾಡಿದರೆ ಮತ್ತೊಬ್ಬರು ಉತ್ತರ ಕೊಡಬೇಕು. ಮದುವೆ ಮನೆಗಳಲ್ಲಿ ಬೀಗರ ಮೇಲೆ ಪದ ಕಟ್ಟಿ ಹಾಡುವುದನ್ನು ಕೇಳಿ ಬೆಳೆದವಳು ನಾನು. ಗ್ಷ್ಟಾನ್ಸೆಲ್ ಕೇಳಿದ ಕೂಡಲೇ ಮನೆ ಸೇರಿದ ಹಾಗಾಗಿತ್ತು. ಅದನ್ನೇ ಸಭಾಂಗಣದಲ್ಲಿ, ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚು ಹಾಕಿ, ಕಪ್ಪು ಗೌನು ತೊಟ್ಟು ಹಾಡಿದಾಗ ಯಾರನ್ನು ಕಿಚಾಯಿಸುವುದು? ಯಾರು ಉತ್ತರ ಕೊಡುವುದು?

ಇದು ಹೊಸ ರೋಗ ಅಲ್ಲ. ಟಿರೋಲ್‌ನ ಟ್ಸಿಲ್ಲರ್ ಕಣಿವೆಯ ರೈನರ್ ಕುಟುಂಬ 1827ರಲ್ಲಿ ಇಂಗ್ಲೆಂಡಿಗೆ ಹೋಗಿ ರಾಜ ನಾಲ್ಕನೇ ಜಾರ್ಜ್ ಎದುರು ಹಾಡಿತು. ಪಾಪ, ಬಡ ಕಣಿವೆಯವರು. ಹಾಡು ಅವರಿಗೆ ಅನ್ನ ಕೊಟ್ಟಿತು. ಅವರನ್ನು ನಾನು ದೂರುವುದಿಲ್ಲ. ಆದರೆ ಅಲ್ಲಿಂದಲೇ ಒಂದು ದಾರಿ ಶುರುವಾಯಿತು. ಸಭಾಂಗಣ ಏನು ಕೇಳುತ್ತದೋ ಅದನ್ನೇ ಹಾಡುವ ದಾರಿ. ಹೊಳೆಯುವ ಉಡುಪು, ಉದ್ದ ಯೋಡಲ್, ಸಿಹಿ ನಗು. ಪ್ರವಾಸಿಗರಿಗಾಗಿ ಇವತ್ತೂ ನಡೆಯುವ 'ಟಿರೋಲ್ ಸಂಜೆ'ಗಳು ಆ ದಾರಿಯ ಮೇಲೇ ಇವೆ. ಕೋಶಾಟ್ ಹಾಡುಗಳ ಮೇಲೂ ಅವರ ಕಾಲದಲ್ಲೇ ಆಕ್ಷೇಪ ಇತ್ತು. ಕ್ಯಾರಿಂಥಿಯಾ ಎಂದರೆ ಬರೀ ಕಣ್ಣೀರು, ಬರೀ ಸಕ್ಕರೆ ಎಂದು ಹೊರಗಿನವರು ನಂಬುವಂತಾಯಿತು ಎಂದು ನನಗೂ ಅನ್ನಿಸುತ್ತದೆ. ಅವರ ಹಾಡು ಗೆದ್ದಿತು ನಿಜ. ಗೆದ್ದಾಗ ಪಕ್ಕದಲ್ಲಿದ್ದ ಎಷ್ಟು ಒರಟು ಹಾಡುಗಳ ದನಿ ಅಡಗಿತು?

ಶ್ರಮ್ಮೆಲ್ ಸೋದರರ ಮಾತು ಬೇರೆ. ಅವರು ಕನ್ಸರ್ವೇಟರಿಯಿಂದ ಹಾಯ್ರಿಗರ್‌ಗೆ ಹೋದರು. ಹಾಯ್ರಿಗರ್ ಅನ್ನು ಎತ್ತಿ ಸಭಾಂಗಣಕ್ಕೆ ತರಲಿಲ್ಲ. ತಟ್ಟೆ ಸದ್ದು, ನಗು, ಕುಡಿದವರ ಕೂಗಿನ ನಡುವೆ ನುಡಿಸಿದರು. ಬ್ರುಕ್ನರ್ ಪಿಟೀಲು ಹಿಡಿದಿದ್ದು ಕುಣಿಯುವವರ ಕಾಲಿಗೆ. ಫ್ರಾನೂಯಿ ತಂಡದವರಂತೂ ತಮ್ಮ ಹುಲ್ಲುಗಾವಲನ್ನು ಬಿಟ್ಟುಕೊಡದೆ ಶೂಬರ್ಟ್‌ನನ್ನೇ ಅಲ್ಲಿಗೆ ಕರೆದುಕೊಂಡು ಹೋದವರು. ಅಲ್ಲಿ ಬಾಗಿದ್ದು ಒಪೆರಾ ಗಾಯಕ. ಅಂಥದ್ದು ನೂರು ಬರಲಿ, ನಾನು ಟಿಕೆಟ್ ತಗೊಂಡು ಮುಂದೆ ಕೂರುತ್ತೇನೆ.

ಗೆಳೆಯರ ಒಂದು ಮಾತಿಗೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. 1819ರ ಆ ಹಾಳೆಗಳು. ಹಾಡುವ ಬಾಯಿಯೇ ಇಲ್ಲದ ಹಾಡನ್ನು ಯಾರು ಹಾಡಿದರೇನು? ಹೌದು, ಹಾಡಲಿ. ಆದರೆ ಹಾಡಿದ ಮೇಲೆ ಅದು ಸಿ.ಡಿ. ಆಗಿ, ಶಾಲೆಯ ಮಕ್ಕಳು 'ಹೀಗೇ ಹಾಡಬೇಕು' ಎಂದು ಆ ಕಂಪನವನ್ನೂ ಸೇರಿಸಿ ಕಲಿತರೆ, ಹಾಳೆಯಲ್ಲಿ ಬರೆಯಲಾಗದೆ ಉಳಿದಿದ್ದೆಲ್ಲ ಎರಡನೇ ಸಲ ಕಳೆದುಹೋಗುತ್ತದೆ. ಬಿರುಕು ಎಲ್ಲಿತ್ತು, ಉಸಿರು ಎಲ್ಲಿ ತಗೊಂಡರು, ಯಾವ ಸ್ವರ ಬೇಕೆಂದೇ ಸ್ವಲ್ಪ ಓರೆ ಇತ್ತು, ಯಾವ ಮೇಷ್ಟ್ರೂ ಅದನ್ನು ಬರೆದು ಕಳಿಸಿರಲಿಲ್ಲ.

ಸಾಲ್ಜ್‌ಕಾಮರ್‌ಗುಟ್ ಸೀಮೆಯಲ್ಲಿ ಪ್ರತಿ ವರ್ಷ ಆಗಸ್ಟ್ 15ರಂದು, ನಾವು ಇಲ್ಲಿ ಬಾವುಟ ಹಾರಿಸುವ ದಿನವೇ, ಕೊಳಲು ನುಡಿಸುವವರೆಲ್ಲ ಒಂದು ಬೆಟ್ಟದ ಹುಲ್ಲುಗಾವಲಿನಲ್ಲಿ ಸೇರುತ್ತಾರೆ. ಅಲ್ಲಿನ ಅಡ್ಡ ಕೊಳಲು ನಮ್ಮದರ ಹಾಗೇ, ಆದರೆ ಮರದ್ದು. ಅಲ್ಲಲ್ಲಿ ಗುಂಪು ಕೂತು ನುಡಿಸುತ್ತಾರೆ, ಹಾಡುತ್ತಾರೆ, ಲಯಕ್ಕೆ ತಕ್ಕಂತೆ ಚಪ್ಪಾಳೆ ಕೂಡಿಸುತ್ತಾರೆ. ಚಿಕ್ಕವರು ದೊಡ್ಡವರ ಬೆರಳು ನೋಡಿ ಕಲಿಯುತ್ತಾರೆ. ಒಪೆರಾ ಹಾಡುವವರೂ ಅಲ್ಲಿಗೆ ಬರಲಿ, ಯಾರೂ ತಡೆಯುವುದಿಲ್ಲ. ಗೌನು, ಪೋಸ್ಟರ್ ಎಲ್ಲ ಕೆಳಗಿನ ಊರಲ್ಲೇ ಬಿಟ್ಟು ಬರಲಿ. ಹುಲ್ಲಿನ ಮೇಲೆ ಕೂತು, ಹಾಡು ಎತ್ತಿದವರನ್ನು ನೋಡಿ, 'ಮೂರನೇ ದನಿ ಖಾಲಿ ಇದೆಯಾ?' ಎಂದು ಕೇಳಲಿ.